ಮಲೆನಾಡಿನ ಮನೆಯಲ್ಲಿ ರೆಫ್ರಿಜರೇಟರು

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ಇಪ್ಪತ್ತು ಕಿಲೋಮೀಟರಿನ ಹಾದಿ. ಆ ಹಾದಿಯ ಕೊನೆಯಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಲ್ಲಿ, 1923ರಲ್ಲಿ ಊದುಕುಲುಮೆಯು ಇದ್ದಿಲಿನ ಉರಿಯಿಂದ ಅದಿರನ್ನು ಕರಗಿಸತೊಡಗಿತು. ಅದೇ ಹಾದಿಯ ನಡುವೆ ಮಾಚೇನಹಳ್ಳಿಯಲ್ಲಿ ಶಿವಮೊಗ್ಗ ಹಾಲು ಒಕ್ಕೂಟದ ಡೈರಿಯಿದೆ. ಹಳ್ಳಿಹಳ್ಳಿಗಳಿಂದ ಬಂದ ಹಾಲು ಅಲ್ಲಿ 4 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ತಣಿಯುತ್ತದೆ. ಒಂದು ಕಡೆ ಉಷ್ಣವನ್ನು ಕೂಡಿಸುವ ಕೆಲಸ, ಇನ್ನೊಂದು ಕಡೆ ಉಷ್ಣವನ್ನು ಕಳೆಯುವ ಕೆಲಸ. ಕೂಡಿಸುವ ವಿದ್ಯೆ ಮನುಷ್ಯನಿಗೆ ಬೆಂಕಿಯೊಡನೆಯೇ ಬಂದಿತು. ಯಂತ್ರದಿಂದ ಕಳೆಯುವ ವಿದ್ಯೆಗಾದರೋ ಇನ್ನೂರು ವರ್ಷವೂ ತುಂಬಿಲ್ಲ. ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಕಲೆನ್ ಎಂಬ ವೈದ್ಯ ವಿದ್ವಾಂಸನು ಈಥರನ್ನು ನಿರ್ವಾತದಲ್ಲಿ ಆವಿಯಾಗಿಸಿ ಶೈತ್ಯವನ್ನು ಪಡೆಯಬಹುದೆಂದು ತೋರಿಸಿದನು. ಅದೇ ತತ್ತ್ವದಿಂದ ಸತತವಾಗಿ ನಡೆಯುವ ಯಂತ್ರಕ್ಕೆ 1834ರಲ್ಲಿ ಜೇಕಬ್ ಪರ್ಕಿನ್ಸ್ ಎಂಬಾತನು ಲಂಡನ್ನಿನಲ್ಲಿ ಪೇಟೆಂಟು ಪಡೆದನು. ನಮ್ಮ ದೇಶದಲ್ಲಿಯೇ ತಯಾರಾದ ಮೊದಲ ಗೃಹೋಪಯೋಗಿ ರೆಫ್ರಿಜರೇಟರು 1958ರಲ್ಲಿ ಗೋದ್ರೆಜ್ ಕಾರ್ಖಾನೆಯಿಂದ ಹೊರಬಂದಿತು.

ಬಳಕೆಯ ಮಾತಿನಲ್ಲಿ ಫ್ರಿಜ್ಜು ಎನಿಸಿಕೊಂಡಿರುವ ಈ ಪೆಟ್ಟಿಗೆ ಇಂದು ಅಡುಗೆಮನೆಯ ಸಾಮಾನ್ಯ ವಸ್ತು. ಆದರೆ ಅದು ಕೆಡುವವರೆಗೆ ಅದರೊಳಗೆ ನಡೆಯುವುದೇನೆಂದು ಯೋಚಿಸುವವರು ವಿರಳ. ಕೆಟ್ಟ ದಿನ “ಗ್ಯಾಸ್ ಮುಗಿದಿದೆ” ಎಂಬ ಮಾತೊಂದನ್ನು ಕೇಳಿ, ಸಾವಿರಾರು ರೂಪಾಯಿಗಳನ್ನು ಕೊಟ್ಟು, ಮೂರು ತಿಂಗಳಲ್ಲಿ ಅದೇ ಮಾತನ್ನು ಮತ್ತೊಮ್ಮೆ ಕೇಳುವವರು ಅನೇಕರು. ಯಂತ್ರದ ತತ್ತ್ವವನ್ನು ಅರಿತವರಿಗೆ ಇಂತಹ ನಷ್ಟವು ತಪ್ಪುವುದೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆದಿದ್ದೇವೆ.

ತಂಪು ಎಲ್ಲಿಂದ ಬರುತ್ತದೆ?

ತಂಪು ಎಲ್ಲಿಂದಲೂ ಬರುವುದಿಲ್ಲ. ಉಷ್ಣವು ಹೊರಟುಹೋದುದರ ಹೆಸರೇ ತಂಪು. ಫ್ರಿಜ್ಜು ತಂಪನ್ನು ತಯಾರಿಸುವ ಯಂತ್ರವಲ್ಲ. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಸುರಿಯುವ ಯಂತ್ರ. ಬಾವಿಯ ನೀರನ್ನು ರಾಟೆಯಿಂದ ಮೇಲಕ್ಕೆ ಸೇದುವಂತೆ, ತಣ್ಣನೆಯ ಎಡೆಯಿಂದ ಬೆಚ್ಚನೆಯ ಎಡೆಗೆ ಉಷ್ಣವನ್ನು ಸೇದಬೇಕು. ತಾನಾಗಿ ಅದು ಆ ದಿಕ್ಕಿಗೆ ಹರಿಯದು. ಸೇದುವ ಶ್ರಮಕ್ಕಾಗಿಯೇ ನಾವು ವಿದ್ಯುತ್ತಿನ ಹಣವನ್ನು ತೆರುತ್ತೇವೆ.

ಸೇದುವ ಬಗೆ ಹೀಗೆ. ಸುಲಭವಾಗಿ ಆವಿಯಾಗುವ ದ್ರವವೊಂದು ಕೊಳವೆಗಳೊಳಗೆ ಸುತ್ತುತ್ತಿರುತ್ತದೆ. ಒಳಗಿನ ಕೊಳವೆಗಳಲ್ಲಿ ಅದು ಕಡಿಮೆ ಒತ್ತಡದಲ್ಲಿ ಕುದಿದು ಆವಿಯಾಗುವಾಗ ತನಗೆ ಬೇಕಾದ ಗುಪ್ತೋಷ್ಣವನ್ನು ಸುತ್ತಲಿನಿಂದ ಹೀರುತ್ತದೆ. ಬೆವರು ಆರುವಾಗ ಮೈ ತಣ್ಣಗಾಗುವುದೂ ಇದೇ ನ್ಯಾಯದಿಂದ. ಆ ಆವಿಯನ್ನು ಕಂಪ್ರೆಸರು ಹೀರಿ ಒತ್ತಿದಾಗ ಅದರ ಒತ್ತಡವೂ ಉಷ್ಣತೆಯೂ ಏರುತ್ತವೆ. ಬಿಸಿಯಾದ ಆವಿಯು ಹಿಂಬದಿಯ ಅಥವಾ ಪಕ್ಕದ ಗೋಡೆಯೊಳಗಿನ ಕೊಳವೆಗಳಲ್ಲಿ ಹರಿದು, ಅಡುಗೆಮನೆಯ ಗಾಳಿಗೆ ಉಷ್ಣವನ್ನು ಬಿಟ್ಟುಕೊಟ್ಟು, ಮತ್ತೆ ದ್ರವವಾಗುತ್ತದೆ. ಕೂದಲೆಳೆಯಂತಹ ಸಣ್ಣ ಕೊಳವೆಯೊಂದನ್ನು ಹಾಯ್ದು, ಒತ್ತಡವನ್ನು ಕಳೆದುಕೊಂಡು, ಮತ್ತೆ ಒಳಗೆ ಬಂದು ಕುದಿಯುತ್ತದೆ. ಫ್ರಿಜ್ಜಿನ ಪಕ್ಕಗಳು ಮುಟ್ಟಿದರೆ ಬೆಚ್ಚಗಿರುವುದು ದೋಷವಲ್ಲ. ಕೆಲಸ ನಡೆಯುತ್ತಿದೆಯೆಂಬುದರ ಗುರುತು. ಬಾಗಿಲು ತೆರೆದಿಟ್ಟು ಅಡುಗೆಮನೆಯನ್ನು ತಂಪುಮಾಡುವ ಯೋಚನೆಯೂ ನಡೆಯದು. ಒಳಗಿಂದ ತೆಗೆದ ಉಷ್ಣವೂ ಕಂಪ್ರೆಸರು ಬಳಸಿದ ವಿದ್ಯುತ್ತೂ ಅದೇ ಕೋಣೆಗೆ ಬಂದು ಸೇರುವುದರಿಂದ ಕೋಣೆಯು ಇನ್ನಷ್ಟು ಬಿಸಿಯಾಗುವುದು.

ಇಲ್ಲಿ ಒಂದು ಮುಖ್ಯಾಂಶವನ್ನು ಓದುಗರು ನೆನಪಿನಲ್ಲಿಡಬೇಕು. ಈ ದ್ರವವು ಇಂಧನವಲ್ಲ, ಉರಿದು ಮುಗಿಯುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳಲ್ಲಿ ಅದು ಹತ್ತಾರು ವರ್ಷ ಸುತ್ತಬಲ್ಲದು. ಅದು ಕಡಿಮೆಯಾಗಿದೆಯೆಂದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರಿದ ತೂತನ್ನು ಹುಡುಕಿ ಮುಚ್ಚದೆ ಗ್ಯಾಸನ್ನು ತುಂಬುವುದು ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಎಷ್ಟು ದೊಡ್ಡದು ಬೇಕು?

ಅಂಗಡಿಯಲ್ಲಿ ಫ್ರಿಜ್ಜುಗಳನ್ನು ಲೀಟರುಗಳಿಂದ ಅಳೆಯುತ್ತಾರೆ. ನಾಲ್ವರ ಕುಟುಂಬವೊಂದರ ಲೆಕ್ಕವನ್ನು ಹಾಕಿ ನೋಡೋಣ. ಹಾಲು ಮೊಸರಿಗೆ 4 ಲೀಟರು, ದೋಸೆಹಿಟ್ಟಿನ ಪಾತ್ರೆಗೆ, ಅದು ಉಬ್ಬುವ ಜಾಗವನ್ನೂ ಸೇರಿಸಿ, 5 ಲೀಟರು, ಸಂತೆಯಿಂದ ತಂದ ವಾರದ ತರಕಾರಿ ಸೊಪ್ಪುಗಳಿಗೆ 30, ಹಣ್ಣಿಗೆ 10, ಮಿಕ್ಕ ಸಾರು ಪಲ್ಯಗಳ ಪಾತ್ರೆಗಳಿಗೆ 10, ನೀರಿನ ಶೀಸೆಗಳಿಗೆ 6, ಉಪ್ಪಿನಕಾಯಿ, ಕಾಯಿಹೋಳು ಮೊದಲಾದವುಗಳಿಗೆ 10. ಒಟ್ಟು 75 ಲೀಟರು. ಆದರೆ ಪಾತ್ರೆಗಳ ನಡುವೆ ಗಾಳಿ ಆಡಬೇಕು, ಕೈ ಹೋಗಬೇಕು. ಒಳಗಿನ ಜಾಗದಲ್ಲಿ ಅರ್ಧದಷ್ಟನ್ನು ಮಾತ್ರ ಪದಾರ್ಥಗಳಿಂದ ತುಂಬಬಹುದೆಂದು ಎಣಿಸಿದರೆ 150 ಲೀಟರು ಬೇಕಾಯಿತು. ಮೇಲಿನ ಹಿಮಪೆಟ್ಟಿಗೆಯನ್ನು ಸೇರಿಸಿದರೆ 180ರಿಂದ 200 ಲೀಟರಿನ ಫ್ರಿಜ್ಜು ಇಂತಹ ಮನೆಗೆ ಸಾಕು. ಆರು ಜನರಿರುವ ಮನೆಗೆ ಅಥವಾ ಮೀನು ಮಾಂಸಗಳನ್ನು ಹೆಪ್ಪುಗಟ್ಟಿಸಿಡುವ ಮನೆಗೆ 250ರಿಂದ 300 ಲೀಟರು ಬೇಕಾಗಬಹುದು. ವರ್ಷಕ್ಕೊಮ್ಮೆ ಬರುವ ಹಬ್ಬದ ಅಡುಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದ ದಿನಗಳಲ್ಲಿ ಅರ್ಧ ಖಾಲಿಯಿರುವ ಪೆಟ್ಟಿಗೆಯನ್ನು ಕೊಳ್ಳುವುದು ಜಾಣತನವಲ್ಲ. ತೀರ ಚಿಕ್ಕದನ್ನು ಕೊಂಡು ಇಡಿಕಿರಿದು ತುಂಬುವುದೂ ಸಲ್ಲದು. ಗಾಳಿಯಾಡದ ಮೂಲೆಯಲ್ಲಿ ಪದಾರ್ಥವು ಕೆಡುವುದು.

ಬಾಗಿಲಿಗೆ ಅಂಟಿಸಿರುವ ನಕ್ಷತ್ರದ ಪಟ್ಟಿಯನ್ನು ಓದುವುದು ಅಗತ್ಯ. ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯು ಗೊತ್ತುಮಾಡಿರುವ ಈ ಪಟ್ಟಿಯಲ್ಲಿ ನಕ್ಷತ್ರಗಳ ಜೊತೆಗೆ ವರ್ಷಕ್ಕೆ ಎಷ್ಟು ಯೂನಿಟ್ಟು ಖರ್ಚಾಗುವುದೆಂಬ ಅಂಕಿಯೂ ಇರುತ್ತದೆ. ಎರಡು ಫ್ರಿಜ್ಜುಗಳನ್ನು ಹೋಲಿಸುವಾಗ ನಕ್ಷತ್ರಕ್ಕಿಂತ ಈ ಅಂಕಿಯೇ ಹೆಚ್ಚು ಮಾತನಾಡುತ್ತದೆ. ದೊಡ್ಡ ಫ್ರಿಜ್ಜಿನ ಐದು ನಕ್ಷತ್ರಗಳಿಗಿಂತ ಚಿಕ್ಕ ಫ್ರಿಜ್ಜಿನ ಮೂರು ನಕ್ಷತ್ರಗಳು ಕಡಿಮೆ ವಿದ್ಯುತ್ತನ್ನು ಬಳಸುವುದುಂಟು.

ಮಳೆಗಾಲದ ಲೆಕ್ಕ

ಬೇಸಗೆಯಲ್ಲಿ ಫ್ರಿಜ್ಜಿಗೆ ಕಷ್ಟ, ಮಳೆಗಾಲದಲ್ಲಿ ವಿಶ್ರಾಂತಿ ಎಂಬುದು ಸಾಮಾನ್ಯ ನಂಬಿಕೆ. ಗೋಡೆಗಳ ಮೂಲಕ ನುಗ್ಗುವ ಉಷ್ಣದ ಮಟ್ಟಿಗೆ ಇದು ನಿಜ. ಬಾಗಿಲಿನ ವಿಷಯ ಬೇರೆ.

200 ಲೀಟರಿನ ಜಾಗವೊಂದರ ಬಾಗಿಲನ್ನು ತೆರೆದಾಗ ಒಳಗಿನ ಗಾಳಿಯೆಲ್ಲವೂ ಹೊರಚೆಲ್ಲಿ ಹೊರಗಿನ ಗಾಳಿಯು ತುಂಬಿಕೊಂಡಿತೆನ್ನಿ. ಏಪ್ರಿಲ್ ತಿಂಗಳ ಮಧ್ಯಾಹ್ನ, ಶಿವಮೊಗ್ಗದಲ್ಲಿ 36 ಡಿಗ್ರಿ ಉಷ್ಣತೆ, ಗಾಳಿಯ ತೇವಾಂಶ ನೂರಕ್ಕೆ 25 ಇರುವಾಗ, ಆ ಗಾಳಿಯನ್ನು 5 ಡಿಗ್ರಿಗೆ ಇಳಿಸಲು ಸುಮಾರು 7 ಕಿಲೋಜೂಲ್ ಉಷ್ಣವನ್ನು ತೆಗೆಯಬೇಕು. ಅದರೊಳಗಿನ ನೀರಾವಿಯು ನೀರಾಗುವಾಗ ಬಿಡುವ ಗುಪ್ತೋಷ್ಣ ಸುಮಾರು 2 ಕಿಲೋಜೂಲ್. ಒಟ್ಟು 9. ಈಗ ಜುಲೈ ತಿಂಗಳು. 25 ಡಿಗ್ರಿ ಉಷ್ಣತೆ, ನೂರಕ್ಕೆ 90 ತೇವಾಂಶ. ಗಾಳಿಯನ್ನು ತಣಿಸಲು 5 ಕಿಲೋಜೂಲ್ ಸಾಕು. ಆದರೆ ಆ ಗಾಳಿ ಒಳಗೆ ಬಿಟ್ಟುಹೋಗುವ ನೀರು ಎರಡೂವರೆ ಗ್ರಾಮಿಗೂ ಹೆಚ್ಚು; ಅದರ ಗುಪ್ತೋಷ್ಣವೇ 7 ಕಿಲೋಜೂಲಿನಷ್ಟಾಗುವುದು. ಒಟ್ಟು 12! ತಂಪಾದ ಮಳೆಯ ದಿನ ಬಾಗಿಲು ತೆರೆದರೆ, ಉರಿಬಿಸಿಲಿನ ದಿನಕ್ಕಿಂತ ಹೆಚ್ಚು ಉಷ್ಣವು ಒಳನುಗ್ಗುವುದೆಂದಾಯಿತು. ಉಷ್ಣವು ಇಲ್ಲಿ ಬಿಸಿಯ ವೇಷದಲ್ಲಿ ಬರದೆ ತೇವದ ವೇಷದಲ್ಲಿ ಬರುತ್ತದೆ.

ಈ ನೀರು ಹೋಗುವುದೆಲ್ಲಿಗೆ? ಅತ್ಯಂತ ತಣ್ಣನೆಯ ಜಾಗವಾದ ಒಳಗಿನ ಕೊಳವೆಗಳ ಮೇಲೆ ಹಿಮವಾಗಿ ಕೂರುತ್ತದೆ. ಆ ಹಿಮದ ಹರಳುಗಳ ನಡುವೆ ಗಾಳಿಯು ಸೆರೆಸಿಕ್ಕಿರುವುದರಿಂದ ಅದು ಕಂಬಳಿಯಂತೆ ಉಷ್ಣವನ್ನು ತಡೆಯುತ್ತದೆ. ಕಂಪ್ರೆಸರು ದುಡಿಯುತ್ತಲೇ ಇದ್ದರೂ ಒಳಗಿನ ಪದಾರ್ಥದ ಉಷ್ಣವು ಕೊಳವೆಯನ್ನು ಮುಟ್ಟದು. ಒಂದೇ ಬಾಗಿಲಿನ ಸಾಧಾರಣ ಫ್ರಿಜ್ಜುಗಳಲ್ಲಿ ಹಿಮವು ಅರ್ಧ ಸೆಂಟಿಮೀಟರಿನಷ್ಟು ದಪ್ಪವಾದ ಕೂಡಲೆ ಕರಗಿಸುವ ಗುಂಡಿಯನ್ನು ಒತ್ತಬೇಕು. ಚಾಕುವಿನಿಂದ ಕೆತ್ತುವುದು ಸರ್ವಥಾ ಕೂಡದು. ತೆಳುವಾದ ಲೋಹದ ಹಾಳೆಗೆ ತೂತು ಬಿದ್ದರೆ ಗ್ಯಾಸೆಲ್ಲವೂ ಒಂದೇ ಗಳಿಗೆಯಲ್ಲಿ ಹೊರಟುಹೋಗುತ್ತದೆ. ಮಲೆನಾಡಿನಲ್ಲಿ ಆಷಾಢ ಶ್ರಾವಣಗಳಲ್ಲಿ ಪೆಟ್ಟಿಗೆಯ ಹೊರಮೈ ಬೆವರುವುದೂ ಗಾಳಿಯ ತೇವದಿಂದಲೇ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಅದು ಯಂತ್ರದ ಸೋರಿಕೆಯಲ್ಲ.

ದಿನದಿನದ ಆರೈಕೆ

ಮೊದಲನೆಯದು ಸ್ಥಳ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯ ಬಳಿ ಫ್ರಿಜ್ಜನ್ನು ಇಡಬಾರದು. ಹಿಂದೆ ಒಂದು ಗೇಣು, ಪಕ್ಕಗಳಲ್ಲಿ ನಾಲ್ಕು ಬೆರಳಿನಷ್ಟಾದರೂ ಗಾಳಿಯ ದಾರಿ ಇರಲಿ. ಹಿಂಬದಿಯ ಕೊಳವೆಗಳು ಹೊರಗೆ ಕಾಣುವಂತಿದ್ದರೆ ಆರು ತಿಂಗಳಿಗೊಮ್ಮೆ, ಪ್ಲಗ್ಗನ್ನು ತೆಗೆದು, ಮೆತ್ತನೆಯ ಬ್ರಷ್ಷಿನಿಂದ ಧೂಳು ಜೇಡರ ಬಲೆಗಳನ್ನು ತೆಗೆಯಬೇಕು. ಇದರ ಬೆಲೆಯನ್ನು ಉಷ್ಣಗತಿಶಾಸ್ತ್ರವು ಹೇಳುತ್ತದೆ. ಒಳಗೆ ಮೈನಸ್ 25 ಡಿಗ್ರಿಯ ಕೊಳವೆಯಿಂದ ಹೊರಗೆ 45 ಡಿಗ್ರಿಯ ಕೊಳವೆಗೆ ಉಷ್ಣವನ್ನು ಏರಿಸಬೇಕಾದರೆ 70 ಡಿಗ್ರಿಯ ಏರಿಕೆ. ಧೂಳಿನಿಂದಲೋ ಇಕ್ಕಟ್ಟಿನಿಂದಲೋ ಹೊರಗಿನದು 55 ಡಿಗ್ರಿಯಾದರೆ ಏರಿಕೆ 80. ಬೇಕಾಗುವ ಕನಿಷ್ಠ ಕೆಲಸವು ಏಳರಲ್ಲಿ ಒಂದು ಪಾಲಿನಷ್ಟು ಹೆಚ್ಚಿತು. ಬಾವಿಯು ಆಳವಾದಷ್ಟೂ ರಾಟೆಯ ಶ್ರಮ ಹೆಚ್ಚು.

ಎರಡನೆಯದು ಬಾಗಿಲ ರಬ್ಬರು. ಕಾಗದದ ಚೂರೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಬಿಗಿಯಾಗಿ ಹಿಡಿದರೆ ಸರಿ; ಸಲೀಸಾಗಿ ಬಂದರೆ ಅಲ್ಲಿ ಹಗಲಿರುಳೂ ತೇವದ ಗಾಳಿಯು ಒಳಗೆ ಹೋಗುತ್ತಿದೆ. ರಬ್ಬರಿನ ಮಡಿಕೆಗಳಲ್ಲಿ ಕೂತ ಜಿಡ್ಡು ಬೂಷ್ಟುಗಳನ್ನು ಸಾಬೂನಿನ ಬೆಚ್ಚನೆಯ ನೀರಿನಿಂದ ತೊಳೆದರೆ ಅನೇಕ ವೇಳೆ ಅದೇ ಸರಿಹೋಗುವುದು. ಹರಿದಿದ್ದರೆ ಬದಲಾಯಿಸಬೇಕು.

ಮೂರನೆಯದು ಬಿಸಿ ಪದಾರ್ಥ. 80 ಡಿಗ್ರಿಯಲ್ಲಿರುವ ಎರಡು ಲೀಟರು ಹಾಲನ್ನು 4 ಡಿಗ್ರಿಗೆ ಇಳಿಸಲು ಸುಮಾರು 600 ಕಿಲೋಜೂಲ್ ತೆಗೆಯಬೇಕು. 30 ಡಿಗ್ರಿಯಲ್ಲಿರುವ ಹಾಲಿಗೆ 200 ಸಾಕು. ಯಂತ್ರವು ಸೆಕೆಂಡಿಗೆ 100 ಜೂಲ್ ಉಷ್ಣವನ್ನು ಸೇದುವುದಾದರೆ ಮೊದಲನೆಯದಕ್ಕೆ ಒಂದೂಮುಕ್ಕಾಲು ಗಂಟೆ, ಎರಡನೆಯದಕ್ಕೆ ಅರ್ಧ ಗಂಟೆಗಿಂತ ತುಸು ಹೆಚ್ಚು. ವಿದ್ಯುತ್ತಿನ ನಷ್ಟವೇನೋ ಅಲ್ಪ, ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗವೂ ಇಲ್ಲ. ನಿಜವಾದ ನಷ್ಟವೆಂದರೆ ಅಷ್ಟು ಹೊತ್ತು ಪಕ್ಕದ ಮೊಸರು, ಸೊಪ್ಪು, ನಿನ್ನೆಯ ಸಾರುಗಳೆಲ್ಲ ಬೆಚ್ಚಗಾಗುವುದು. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ ಒಳಗಿಡುವುದು ಉತ್ತಮ. ಆದರೆ ಆರಲೆಂದು ರಾತ್ರಿಯಿಡೀ ಹೊರಗೆ ಬಿಡಬಾರದು. 5ರಿಂದ 60 ಡಿಗ್ರಿಯವರೆಗಿನ ಉಷ್ಣತೆ ಬ್ಯಾಕ್ಟೀರಿಯಾಗಳು ಹೆಚ್ಚಲು ಅನುಕೂಲ. ಎರಡು ಗಂಟೆಯೊಳಗೆ ಒಳಗಿಡಬೇಕು. ಶೈತ್ಯವು ಅವುಗಳನ್ನು ಕೊಲ್ಲುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೆ.

ಒಳಗಿನ ಉಷ್ಣತೆಯನ್ನು ಊಹಿಸುವುದಕ್ಕಿಂತ ಅಳೆಯುವುದು ಮೇಲು. ಲೋಟದ ನೀರಿನಲ್ಲಿ ಥರ್ಮಾಮೀಟರನ್ನಿಟ್ಟು ನಡುವಣ ಹಲಗೆಯ ಮೇಲೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ 4 ಡಿಗ್ರಿಯ ಆಸುಪಾಸು ತೋರಬೇಕು. ಹಿಮಪೆಟ್ಟಿಗೆಯಲ್ಲಿ ಮೈನಸ್ 18. ಮನೆಯಲ್ಲಿ ಇನ್ಸುಲಿನ್ ಇಟ್ಟಿರುವವರಿಗೆ ಈ ಪರೀಕ್ಷೆಯು ಅತ್ಯವಶ್ಯಕ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗಿರಬೇಕು; ಒಮ್ಮೆ ಹೆಪ್ಪುಗಟ್ಟಿದರೆ, ಮತ್ತೆ ಕರಗಿದರೂ ಬಳಸಲು ಬಾರದು. ಹಿಮಪೆಟ್ಟಿಗೆಯ ಕೆಳಗೂ ಹಿಂಬದಿಯ ಗೋಡೆಗೆ ತಾಗಿದಂತೆಯೂ ಅದನ್ನು ಇಡಲಾಗದು.

ವಿದ್ಯುತ್ತು ಹೋದಾಗ, ಬಂದಾಗ

ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ. ಬಾಗಿಲನ್ನು ಮುಚ್ಚಿಯೇ ಇಟ್ಟರೆ ಕೆಳಗಿನ ಭಾಗದ ಪದಾರ್ಥಗಳು ಸುಮಾರು ನಾಲ್ಕು ಗಂಟೆ ಸುರಕ್ಷಿತ. ಇದನ್ನು ಬೆಳೆಸುವ ಸುಲಭೋಪಾಯವೊಂದುಂಟು. ಹಿಮಪೆಟ್ಟಿಗೆಯಲ್ಲಿ ಜಾಗವಿದ್ದರೆ ನೀರು ತುಂಬಿದ ಪ್ಲಾಸ್ಟಿಕ್ ಶೀಸೆಯನ್ನು, ಹಿಗ್ಗಲು ತುಸು ಎಡೆ ಬಿಟ್ಟು, ಹೆಪ್ಪುಗಟ್ಟಿಸಿಡಬೇಕು. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು. ಗೋಡೆಗಳ ಮೂಲಕ ಸೆಕೆಂಡಿಗೆ 40 ಜೂಲ್ ಉಷ್ಣವು ಒಳಬರುವುದೆಂದಿಟ್ಟುಕೊಂಡರೆ, ಕೆಳಭಾಗಕ್ಕೆ ಇಳಿಸಿದ ಅಂತಹ ಒಂದೊಂದು ಶೀಸೆಯೂ ಎರಡು ಗಂಟೆಗೂ ಹೆಚ್ಚು ಕಾಲ ಆ ಉಷ್ಣವನ್ನು ನುಂಗಬಲ್ಲದು.

ವಿದ್ಯುತ್ತು ಮರಳಿದ ಕೂಡಲೆ ಕಂಪ್ರೆಸರನ್ನು ಓಡಿಸುವುದು ಒಳ್ಳೆಯದಲ್ಲ. ಕೊಳವೆಗಳ ಎರಡೂ ಬದಿಗಳ ಒತ್ತಡಗಳು ಸಮನಾಗಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೆ ಮೊದಲೇ ಹೊರಟರೆ ಸಾಧಾರಣ ಕಂಪ್ರೆಸರಿನ ಮೋಟರು ತಿರುಗಲಾರದೆ ಬಿಸಿಯಾಗುವುದು. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಕುಸಿದಾಗಲೂ ಇದೇ ಪಾಡು. ಅಂತಹ ಕಡೆ, ತಡವಾಗಿ ವಿದ್ಯುತ್ತನ್ನು ಬಿಡುವ ಸ್ಟೆಬಿಲೈಜರು ಉಪಯುಕ್ತ. ಇನ್ವರ್ಟರ್ ಕಂಪ್ರೆಸರಿನ ಹೊಸ ಫ್ರಿಜ್ಜುಗಳು ಮೆಲ್ಲಗೆ ಹೊರಟು, ಬೇಕಾದ ವೇಗದಲ್ಲಿ ಓಡುತ್ತವೆ. ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ತಡೆಯಬಲ್ಲವೆಂಬುದು ಅವುಗಳ ಕೈಪಿಡಿಯಲ್ಲಿರುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗುಮಳೆ ಬರುವ ಮೊದಲೇ ಪ್ಲಗ್ಗನ್ನು ತೆಗೆದಿಡುವುದು ಎಲ್ಲಕ್ಕೂ ಕ್ಷೇಮ.

ಹಣಕ್ಕಿಂತ ದೊಡ್ಡ ಮಾತೊಂದಿದೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ಟು ಇದ್ದರೂ ಅದರ ಹಿಂದೆ ಅರ್ಥಿಂಗಿನ ತಂತಿ ಇಲ್ಲದಿರುವುದುಂಟು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲನ್ನು ಹಿಡಿದಾಗ ಕೈಗೆ ಜುಮ್ಮೆಂದರೆ ಅದನ್ನು ಅಲಕ್ಷಿಸಬಾರದು. ಫ್ರಿಜ್ಜನ್ನು ಮುಟ್ಟದೆ ಮೊದಲು ಮನೆಯ ಮೇನ್ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ತೆಗೆಸಿ, ವೈರಿಂಗ್ ಬಲ್ಲವರಿಂದ ಅರ್ಥಿಂಗನ್ನು ಪರೀಕ್ಷಿಸಬೇಕು. 30 ಮಿಲಿಆಂಪಿಯರಿನ ಸೋರಿಕೆಗೆ ಕಡಿದುಕೊಳ್ಳುವ ಆರ್‌ಸಿಸಿಬಿಯನ್ನು ಹಾಕಿಸುವುದು ಜೀವರಕ್ಷಣೆಯ ಖರ್ಚು.

ಕೆಟ್ಟಾಗ ಕೇಳಬೇಕಾದ ಪ್ರಶ್ನೆಗಳು

ಒಳಗಿನ ದೀಪವೂ ಇಲ್ಲ, ಸದ್ದೂ ಇಲ್ಲ: ಮೊದಲು ಸಾಕೆಟ್ಟು, ಸ್ಟೆಬಿಲೈಜರುಗಳನ್ನು ನೋಡಬೇಕು. ಬೇರೊಂದು ದೀಪವನ್ನು ಅದೇ ಸಾಕೆಟ್ಟಿಗೆ ಹಾಕಿದರೆ ಅರ್ಧ ಸಂಶಯ ತೀರುತ್ತದೆ.

ದೀಪ ಉರಿಯುತ್ತದೆ, ಆದರೆ ಕೆಲವು ನಿಮಿಷಗಳಿಗೊಮ್ಮೆ ಟಿಕ್ಕೆಂದು ಸದ್ದಾಗಿ ಕಂಪ್ರೆಸರು ಓಡುವುದಿಲ್ಲ: ವೋಲ್ಟೇಜು ಕಡಿಮೆಯಿರಬಹುದು, ಇಲ್ಲವೇ ಮೋಟರನ್ನು ಹೊರಡಿಸುವ ರಿಲೇ ಕೆಟ್ಟಿರಬಹುದು. ರಿಲೇ ಅಲ್ಪ ಬೆಲೆಯ ವಸ್ತು. ಅದನ್ನು ಪರೀಕ್ಷಿಸದೆ ಕಂಪ್ರೆಸರನ್ನೇ ಬದಲಾಯಿಸಲು ಒಪ್ಪಬಾರದು.

ಎರಡು ಬಾಗಿಲಿನ, ಹಿಮ ಕಟ್ಟದ ಫ್ರಿಜ್ಜಿನಲ್ಲಿ ಮೇಲೆ ಚಳಿ, ಕೆಳಗೆ ಬೆಚ್ಚಗೆ: ಮರೆಯಲ್ಲಿರುವ ಕೊಳವೆಗಳ ಮೇಲಿನ ಹಿಮವನ್ನು ಆಗಾಗ ಕರಗಿಸುವ ಹೀಟರು ಕೆಟ್ಟು, ಗಾಳಿಯ ದಾರಿಗೆ ಮಂಜು ಕಟ್ಟಿರಬಹುದು, ಇಲ್ಲವೇ ಫ್ಯಾನು ನಿಂತಿರಬಹುದು. ಪದಾರ್ಥಗಳನ್ನು ಬೇರೆಡೆಗೆ ಸಾಗಿಸಿ, ಪ್ಲಗ್ಗನ್ನು ತೆಗೆದು, ಬಾಗಿಲುಗಳನ್ನು ತೆರೆದು ಒಂದು ಹಗಲು ಒಂದು ರಾತ್ರಿ ಬಿಡಿ. ಮತ್ತೆ ಹಾಕಿದಾಗ ಚೆನ್ನಾಗಿ ನಡೆದು, ಕೆಲವು ದಿನಗಳಲ್ಲಿ ಮತ್ತೆ ಮೊದಲಿನಂತಾದರೆ ದೋಷವು ಹಿಮ ಕರಗಿಸುವ ಏರ್ಪಾಡಿನಲ್ಲಿದೆ, ಗ್ಯಾಸಿನಲ್ಲಿಲ್ಲ. ಸೋರಿಹೋದ ಗ್ಯಾಸು ಒಂದು ದಿನದ ವಿಶ್ರಾಂತಿಯಿಂದ ಮರಳಿ ಬರುವುದಿಲ್ಲವಷ್ಟೆ!

ಕೆಳಗೆ ನೀರು ನಿಲ್ಲುತ್ತದೆ: ಹಿಂಬದಿಯ ಸಣ್ಣ ತೂತು ಕಸದಿಂದ ಕಟ್ಟಿದೆ. ಉಗುರುಬೆಚ್ಚನೆಯ ನೀರನ್ನು ಬಿಟ್ಟು ಮೆಲ್ಲಗೆ ಬಿಡಿಸಿದರೆ ಸಾಕು.

ಕಂಪ್ರೆಸರು ನಿಲ್ಲದೆ ಓಡುತ್ತದೆ, ತಂಪಿಲ್ಲ: ಕ್ರಮವಾಗಿ ಬಾಗಿಲ ರಬ್ಬರು, ಒಳಗಿನ ಹಿಮ, ಹೊರಗಿನ ಧೂಳು, ಗಾಳಿಯ ದಾರಿಗಳನ್ನು ನೋಡಬೇಕು. ಎಲ್ಲವೂ ಸರಿಯಿದ್ದು, ಪಕ್ಕಗಳು ಬೆಚ್ಚಗಾಗದೆ, ಒಳಗಿನ ಕೊಳವೆಗಳ ಒಂದು ಮೂಲೆಯಲ್ಲಿ ಮಾತ್ರ ಹಿಮ ಕೂರುತ್ತಿದ್ದರೆ ಗ್ಯಾಸು ಸೋರಿರುವ ಸಂಭವ ಹೆಚ್ಚು. ಆಗಲೂ ಎಲ್ಲಿ ಸೋರಿತು, ಹೇಗೆ ಮುಚ್ಚಿದಿರಿ ಎಂದು ಕೇಳುವುದು ಗೃಹಸ್ಥರ ಹಕ್ಕು.

ಇದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ. ಹಿಂದೆ ಬಳಸುತ್ತಿದ್ದ ಕ್ಲೋರೊಫ್ಲೂರೊಕಾರ್ಬನ್ನುಗಳು ಉರಿಯುತ್ತಿರಲಿಲ್ಲ. ಆದರೆ ಅವು ವಾಯುಮಂಡಲದ ಓಝೋನ್ ಪದರವನ್ನು ಕೆಡಿಸುವುದು ತಿಳಿದುಬಂದು, 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅವುಗಳ ತಯಾರಿಕೆ ನಿಂತಿತು. ಇಂದಿನ ಹೆಚ್ಚಿನ ಫ್ರಿಜ್ಜುಗಳಲ್ಲಿರುವುದು ಐಸೊಬ್ಯೂಟೇನ್. ಅಡುಗೆ ಅನಿಲದ ಜಾತಿಗೆ ಸೇರಿದ ಅದು ಓಝೋನಿಗೆ ಅಪಾಯಕಾರಿಯಲ್ಲ, ಆದರೆ ಹೊತ್ತಿಕೊಳ್ಳಬಲ್ಲದು. ಮನೆಯ ಫ್ರಿಜ್ಜಿನಲ್ಲಿ ಅದರ ಪ್ರಮಾಣವು ಕೆಲವು ಹತ್ತು ಗ್ರಾಂ ಮಾತ್ರವಾದರೂ, ಗಾಳಿಯಿಲ್ಲದ ಕೋಣೆಯಲ್ಲಿ ಬೆಂಕಿಯ ಬೆಸುಗೆಗೆ ಎಡೆಗೊಡಬಾರದು. ತರಬೇತಿ ಪಡೆದ ತಂತ್ರಜ್ಞರೇ ಅದನ್ನು ಮುಟ್ಟಬೇಕು.

ಇಷ್ಟೆಲ್ಲವನ್ನೂ ಮೂರು ಪ್ರಶ್ನೆಗಳಲ್ಲಿ ಅಡಗಿಸಬಹುದು. ಉಷ್ಣವು ಎಲ್ಲಿಂದ ಒಳಗೆ ಬರುತ್ತಿದೆ? ಅದನ್ನು ಹೊರುವ ಯಂತ್ರವು ಓಡುತ್ತಿದೆಯೆ? ಹೊತ್ತುದನ್ನು ಹೊರಗೆ ಇಳಿಸಲು ದಾರಿಯಿದೆಯೆ? ಕೊಳ್ಳುವಾಗ, ಇಡುವಾಗ, ಕೆಟ್ಟಾಗ ಈ ಮೂರನ್ನು ಕ್ರಮವಾಗಿ ಕೇಳಿಕೊಂಡವರಿಗೆ ದೋಷವಿರುವ ಎಡೆಯು ಬಹುಮಟ್ಟಿಗೆ ತಾನಾಗಿಯೇ ಗೋಚರಿಸುವುದು. ರಿಪೇರಿಗೆ ಬಂದವರೊಡನೆ ಅವರು ತಿಳಿದು ಮಾತನಾಡಬಲ್ಲರು.